ಹಗೇವು ತುಂಬಿದ್ದರೆ ಸಾಲದು

ಬೇಳೆ ಬೆಲೆ ಏರಿದಾಗ, ಯಾವುದೋ ಕಂಪನಿ ಸಾವಿರಾರು ಜನರನ್ನು ಒಂದೇ ದಿನ ಮನೆಗೆ ಕಳಿಸಿದಾಗ, ದೂರದ ಯುದ್ಧದಿಂದ ಅಡುಗೆ ಎಣ್ಣೆ ದುಬಾರಿಯಾದಾಗ ನಮ್ಮಲ್ಲಿ ಒಂದು ಉಪದೇಶ ತಪ್ಪದೆ ಹೊರಬರುತ್ತದೆ. ವರ್ಷಕ್ಕಾಗುವಷ್ಟು ಕಾಳು ಕೂಡಿಡಿ, ಒಂದಿಷ್ಟು ಬಂಗಾರ ಮಾಡಿಟ್ಟುಕೊಳ್ಳಿ, ಸಾಲದ ಹತ್ತಿರ ಸುಳಿಯಬೇಡಿ, ಕೈಲಾದರೆ ಊರ ಕಡೆ ಅರ್ಧ ಎಕರೆ ಹಿಡಿಯಿರಿ, ತಾರಸಿಯಲ್ಲಿ ತರಕಾರಿ ಬೆಳೆಯಿರಿ. ಯಾರ ಹಂಗೂ ಇಲ್ಲದೆ ಬದುಕುವುದನ್ನು ಕಲಿಯಿರಿ. ಸಾಕ್ಷಿಗೆ ಅಜ್ಜ ಮುತ್ತಜ್ಜಂದಿರು ಬರುತ್ತಾರೆ. ಅವರು ಅಂಗಡಿಯಿಂದ ತರುತ್ತಿದ್ದದ್ದು ಉಪ್ಪು, ಸೀಮೆಎಣ್ಣೆ ಎರಡೇ, ಮಿಕ್ಕಿದ್ದೆಲ್ಲ ಮನೆಯಲ್ಲೇ ಆಗುತ್ತಿತ್ತು ಎಂಬ ಮಾತನ್ನು ಮದುವೆ ಮನೆಯ ಪಂಕ್ತಿಯಲ್ಲಿ ಒಮ್ಮೆಯಾದರೂ ಕೇಳದ ಕನ್ನಡಿಗರು ಕಡಿಮೆ.

ಕೂಡಿಡುವುದು ತಪ್ಪೆಂದು ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ನನ್ನ ತಕರಾರು ಆ ಉಪದೇಶದ ಹಿಂದಿರುವ ನಂಬಿಕೆಯ ಬಗ್ಗೆ. ಕಷ್ಟಕಾಲದಲ್ಲಿ ಉಳಿಯುವುದು ಯಾರನ್ನೂ ನೆಚ್ಚದ ಮನೆ ಎಂಬುದು ಆ ನಂಬಿಕೆ. ನಮ್ಮ ನಾಡಿನ ಚರಿತ್ರೆಯನ್ನು ತೆರೆದು ನೋಡಿದರೆ ಕಾಣುವುದು ಬೇರೆಯೇ. ಉಳಿದವರು ಹೆಚ್ಚಾಗಿ ಹೊರಗಿನಿಂದ ಏನನ್ನಾದರೂ ಹಕ್ಕಿನಿಂದ ಕೇಳಿ ಪಡೆಯಬಲ್ಲವರಾಗಿದ್ದರು. ಹಕ್ಕಿಲ್ಲದವರ ಕಣಜ ಖಾಲಿಯಾದದ್ದಕ್ಕೂ ಅವರು ಊರು ಬಿಟ್ಟದ್ದಕ್ಕೂ ಹೆಚ್ಚು ದಿನಗಳ ಅಂತರವಿರುತ್ತಿರಲಿಲ್ಲ.

ಮೊದಲು ಆ ಉಪ್ಪು ಸೀಮೆಎಣ್ಣೆಯ ಮನೆಯನ್ನೇ ನೋಡೋಣ. ನೇಗಿಲ ಗುಳ ಹದ ಮಾಡಿದವನು ಕಮ್ಮಾರ, ಗಾಡಿಯ ಗಾಲಿ ಕೂರಿಸಿದವನು ಬಡಗಿ, ಮಡಕೆ ಕುಂಬಾರನದು, ಕಪಿಲೆಯ ತೊಗಲು ಮಾದಿಗರ ಕೇರಿಯದು, ಕೆರೆಯ ತೂಬು ತೆಗೆದು ಗದ್ದೆಗೆ ನೀರು ಬಿಟ್ಟವನು ನೀರಗಂಟಿ. ಬಟ್ಟೆ ಒಗೆಯಲು ಅಗಸ, ಕ್ಷೌರಕ್ಕೆ ಹಜಾಮ. ಇವರಲ್ಲಿ ಬಹಳ ಜನ ಆಯಗಾರರು. ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಧಾನ್ಯ ಅಳೆಸಿಕೊಂಡು ಹೋಗುತ್ತಿದ್ದರು. ಕಾಸು ಕೈ ಬದಲಾಯಿಸದ ಕಾರಣಕ್ಕೆ ಅದು ವ್ಯಾಪಾರವಾಗಿ ಕಾಣಲಿಲ್ಲ, ಅಷ್ಟೆ. ಆ ಮನೆ ಊರಿನ ಹನ್ನೆರಡು ಮನೆಗಳನ್ನು ನೆಚ್ಚಿಕೊಂಡೇ ನಿಂತಿತ್ತು. ಅಂಗಡಿಯ ಚೀಟಿ ಇರಲಿಲ್ಲವೆಂದರೆ ಲೆಕ್ಕವೇ ಇರಲಿಲ್ಲವೆಂದಲ್ಲ. ಬಾಕಿ ಉಳಿಸಿಕೊಂಡ ಗೌಡನ ನೇಗಿಲು ಕಮ್ಮಾರನ ಕುಲುಮೆಯ ಮುಂದೆ ಎಷ್ಟು ದಿನ ಕಾಯಬೇಕೆಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು.

ಇನ್ನೂ ಒಳಗೆ ಹೋದರೆ ಕಥೆ ಕಹಿಯಾಗುತ್ತದೆ. ದೊಡ್ಡ ಮನೆಯ ಸ್ವಾವಲಂಬನೆ ಜೀತದಾಳಿನ ಬೆನ್ನ ಮೇಲೆ ಕೂತಿತ್ತು. ಮಗಳ ಮದುವೆಗೆಂದು ಒಂದು ಸಲ ಪಡೆದ ಸಾಲಕ್ಕೆ ಅಪ್ಪನಾದ ಮೇಲೆ ಮಗ ದುಡಿಯುತ್ತಿದ್ದ. ಜೀತವನ್ನು ಕಾನೂನಿನಿಂದ ತೆಗೆದದ್ದು 1976ರಲ್ಲಿ, ಅಂದರೆ ನಾವು ಇಂದು ಹೊಗಳುವ ಆ ಅಜ್ಜಂದಿರಲ್ಲಿ ಅನೇಕರು ಬದುಕಿದ್ದಾಗಲೇ. ನಸುಕಿನಲ್ಲೆದ್ದು ರಾಗಿ ಬೀಸಿದ, ಭತ್ತ ಕುಟ್ಟಿದ, ನೀರು ಹೊತ್ತ ಹೆಂಗಸರ ದುಡಿಮೆಗೆ ಕೂಲಿಯೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ. 'ಎಲ್ಲ ಮನೆಯಲ್ಲೇ ಆಗುತ್ತಿತ್ತು' ಎಂದು ಹೆಮ್ಮೆಯಿಂದ ಹೇಳುವವರು ಸಾಮಾನ್ಯವಾಗಿ ಗಂಡಸರೇ ಎಂಬುದನ್ನು ಗಮನಿಸಿದ್ದೀರಾ? ಬೀಸುವ ಕಲ್ಲಿನ ಹಿಡಿ ಹಿಡಿದ ಅಜ್ಜಿಯರು ಹಿಟ್ಟಿನ ಗಿರಣಿ ಬಂದ ದಿನವನ್ನು ನೆನೆಯುವ ಧಾಟಿಯೇ ಬೇರೆ.

ಹಾಗಿದ್ದರೂ ಹಳಬರ ಮುಂಜಾಗ್ರತೆಯಲ್ಲಿ ಒಂದು ಅಪ್ಪಟ ಜಾಣ್ಮೆ ಇತ್ತು, ಅದಕ್ಕೆ ಕೊಡಬೇಕಾದ ಗೌರವ ಕೊಡಲೇಬೇಕು. ಅದು ಹಗೇವು. ಹಳೆ ಮೈಸೂರಿನ ರಾಗಿ ಸೀಮೆಯಲ್ಲಿ ನೀರು ನಿಲ್ಲದ ಗಟ್ಟಿ ನೆಲ ನೋಡಿ, ಬಾಯಿ ಕಿರಿದು ಹೊಟ್ಟೆ ಅಗಲವಾಗಿರುವ ಗುಂಡಿ ತೋಡಿ, ಸುತ್ತ ಹುಲ್ಲು ಹಾಸಿ ರಾಗಿ ತುಂಬಿ, ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಗೆ ಹುಳ ಬೀಳುವುದು ಕಡಿಮೆ. ಗಾಳಿಯಾಡದ ಆ ಹೊಟ್ಟೆಯಲ್ಲಿ ಅದು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆಗೆಯುವಾಗ ಮಾತ್ರ ಎಚ್ಚರ ಬೇಕು. ಬಾಯಿ ತೆರೆದು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಆತುರ ಮಾಡಿದವರು ಒಳಗಿನ ವಿಷಗಾಳಿಗೆ ಸಿಕ್ಕಿ ಸತ್ತದ್ದುಂಟು. (ಇಳಿಯುವ ಕೆಲಸ ಸಾಮಾನ್ಯವಾಗಿ ಆಳಿನದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.) ಇವತ್ತಿನ ಯಾವ ಪ್ಲಾಸ್ಟಿಕ್ ಡ್ರಮ್ಮೂ ಇದಕ್ಕೆ ಸಾಟಿಯಲ್ಲ.

ಈ ಹಗೇವುಗಳಿಗೆ ನಿಜವಾದ ಪರೀಕ್ಷೆ ಒದಗಿದ್ದು 1876ರಿಂದ 1878ರವರೆಗೆ. ಧಾತು, ಈಶ್ವರ ಸಂವತ್ಸರಗಳ ಬರ ಎಂದು ಜನ ಅದನ್ನು ನೆನಪಿಟ್ಟುಕೊಂಡರು. ಮಳೆ ಒಂದು ವರ್ಷ ಕೈಕೊಟ್ಟರೆ ಹಗೇವಿನ ರಾಗಿ ಊರನ್ನು ದಾಟಿಸುತ್ತದೆ, ಅದನ್ನು ತೋಡಿದ್ದೇ ಆ ಲೆಕ್ಕಕ್ಕೆ. ಮತ್ತೊಂದು ವರ್ಷವೂ ಕೈಕೊಟ್ಟಾಗ ಚಪ್ಪಡಿ ತೆಗೆದರೆ ತಳ ಕಾಣುತ್ತದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು, 1881ರಲ್ಲಿ ಸುಮಾರು 42 ಲಕ್ಷ. ಹೆಚ್ಚೂಕಡಿಮೆ ಆರರಲ್ಲೊಂದು ಪಾಲು ಜನ ಹೋದರು. ಇಷ್ಟು ದೊಡ್ಡ ಕೂಡಿಡುವ ಪರಂಪರೆಯಿದ್ದ ಸೀಮೆಯಲ್ಲೇ ಇದು ನಡೆದದ್ದು.

ಯಾರು ಸತ್ತರು ಎಂಬುದರಲ್ಲೇ ಉತ್ತರವಿದೆ. ಹಗೇವಿದ್ದದ್ದು ಹೊಲವಿದ್ದವರಿಗೆ. ಕೂಲಿಯವರಿಗೂ ಕಸುಬಿನವರಿಗೂ ಹಗೇವು ಇರಲಿಲ್ಲ, ಇದ್ದದ್ದು ಕಣದ ಪಾಲು. ಬೆಳೆಯೇ ಇಲ್ಲದ ವರ್ಷ ಕಣವೂ ಇಲ್ಲ, ಪಾಲೂ ಇಲ್ಲ. ನೇಯ್ದ ಸೀರೆ ಕೊಳ್ಳುವವರಿಲ್ಲದ ನೇಕಾರ, ಗುಳ ಹದ ಮಾಡಿಸಿಕೊಳ್ಳುವವರಿಲ್ಲದ ಕಮ್ಮಾರ ಮೊದಲು ಬೀದಿಗೆ ಬಿದ್ದರು. ಅದೇ ಹೊತ್ತಿಗೆ ಮದರಾಸಿನಿಂದ ಬೆಂಗಳೂರಿಗೆ ರೈಲಿನಲ್ಲಿ ಧಾನ್ಯ ಬರುತ್ತಿತ್ತು. ರೈಲು ಮುಗಿದ ಕಡೆಯಿಂದ ಒಳನಾಡಿಗೆ ಅದನ್ನು ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು, ಎಳೆದು ತಂದರೂ ಕೊಳ್ಳಲು ಜನರ ಕೈಯಲ್ಲಿ ದುಡ್ಡಿರಲಿಲ್ಲ. 1943ರ ಬಂಗಾಳದ ಕ್ಷಾಮವನ್ನು ಮುಂದಿಟ್ಟುಕೊಂಡು ಅಮರ್ತ್ಯ ಸೇನ್ 1981ರಲ್ಲಿ ಬರೆದದ್ದೂ ಇದನ್ನೇ. ಬರದಲ್ಲಿ ಜನ ಸಾಯುವುದು ನಾಡಿನಲ್ಲಿ ಅನ್ನವೇ ಇಲ್ಲವೆಂದಲ್ಲ, ಇರುವ ಅನ್ನದ ಮೇಲೆ ಅವರಿಗೆ ಹಕ್ಕಿಲ್ಲವೆಂದು.

ಅಂದಿನ ಆಡಳಿತ ಕಲಿತ ಪಾಠವನ್ನು ನೋಡಿ. ಇನ್ನು ಮುಂದೆ ಪ್ರತಿ ಮನೆಯೂ ಎರಡು ಹಗೇವು ತೋಡಲಿ ಎಂದು ಅದು ಆದೇಶ ಹೊರಡಿಸಲಿಲ್ಲ. ಬೆಂಗಳೂರು ಮೈಸೂರು ರೈಲುದಾರಿಯನ್ನು ಬರಪರಿಹಾರದ ಕೆಲಸವಾಗಿಯೇ ಶುರುಮಾಡಿ ಕೆಲವೇ ವರ್ಷಗಳಲ್ಲಿ ಮುಗಿಸಿತು. ಮುಂದೆ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟೆ ಎದ್ದಿತು. ಬರದ ದೆಸೆಯಿಂದ ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಕೂತಿತ್ತು. ಅಷ್ಟಾದರೂ ರೈಲಿಗೂ ಕಟ್ಟೆಗೂ ದುಡ್ಡು ಹಾಕಿದರು. ಸಾಲ ಮಾಡಬೇಡಿ ಎನ್ನುವ ಇಂದಿನ ಉಪದೇಶಕರು ಅಂದಿನ ದಿವಾನರಿಗೆ ಸಲಹೆಗಾರರಾಗಿರಲಿಲ್ಲವಲ್ಲ ಎಂದು ನಾವು ಸಮಾಧಾನ ಪಡಬೇಕು.

ತಾರಸಿ ತೋಟದ ಮಾತನ್ನು ಹೆಚ್ಚು ಎಳೆಯುವುದಿಲ್ಲ, ಲೆಕ್ಕವೊಂದನ್ನು ಮುಂದಿಟ್ಟು ಮುಗಿಸುತ್ತೇನೆ. ಬೆಂಗಳೂರಿನ 30×40 ಸೈಟೆಂದರೆ 1,200 ಚದರಡಿ. ಅಂಥ 36 ಸೈಟು ಸೇರಿದರೆ ಒಂದು ಎಕರೆ. ಮಳೆಯಾಶ್ರಯದಲ್ಲಿ ಎಕರೆಗೆ ಎಂಟು ಕ್ವಿಂಟಲ್ ರಾಗಿ ಬಂತೆಂದರೆ ರೈತ ಖುಷಿಪಡುತ್ತಾನೆ. ಆ ಲೆಕ್ಕದಲ್ಲಿ ಮನೆಯನ್ನೇ ಕೆಡವಿ ಇಡೀ ಸೈಟಿಗೆ ರಾಗಿ ಬಿತ್ತಿದರೂ ಸಿಗುವುದು ಇಪ್ಪತ್ತೆರಡು ಕೆಜಿ. ದಿನಕ್ಕೆ ತಲೆಗೆ 400 ಗ್ರಾಂ ಎಂದರೆ ನಾಲ್ಕು ಜನರ ಸಂಸಾರಕ್ಕೆ ಅದು ಎರಡು ವಾರ. ಕೊತ್ತಂಬರಿ, ಮೆಂತ್ಯ, ನಾಲ್ಕು ಬದನೆಕಾಯಿ ಮನೆಯಲ್ಲೇ ಆದರೆ ಬಾಯಿಗೂ ಮನಸ್ಸಿಗೂ ಒಳ್ಳೆಯದು, ಬೆಳೆಯಿರಿ. ಅದನ್ನು ಆರ್ಥಿಕ ಭದ್ರತೆ ಎಂದು ಮಾತ್ರ ಕರೆಯಬೇಡಿ.

ಸ್ವಂತ ಹೊಲವಿದ್ದವರ ಕಥೆ 2020ರಲ್ಲಿ ನಮ್ಮ ಕಣ್ಣೆದುರೇ ನಡೆಯಿತು. ಮಾರ್ಚ್ ಕೊನೆಯಲ್ಲಿ ದೇಶ ಬೀಗ ಹಾಕಿಕೊಂಡಾಗ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಹೂವು, ದ್ರಾಕ್ಷಿ, ಕೋಸಿನ ಬೆಳೆಗಾರರಿಗೆ ನೆಲವಿತ್ತು, ನೀರಿತ್ತು, ಬೆಳೆಯೂ ಕೈಗೆ ಬಂದಿತ್ತು. ಸ್ವಾವಲಂಬನೆಯ ಯಾವ ಪಾಠದ ಪ್ರಕಾರವೂ ಅವರು ಗಟ್ಟಿ ಕುಳಗಳೇ. ಮಾರುಕಟ್ಟೆ ಮುಚ್ಚಿದ ಕೂಡಲೇ ಕೋಸನ್ನು ಕುರಿ ಮೇಯಿಸಿದರು, ಚೆಂಡುಹೂವಿನ ಮೇಲೆ ಟ್ರ್ಯಾಕ್ಟರ್ ಹೊಡೆದರು. ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ. ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಕ್ಷೌರಿಕ, ಅಗಸ! ಒಂದು ಕಾಲಕ್ಕೆ ಕಣದಲ್ಲಿ ಪಾಲು ಕೇಳುತ್ತಿದ್ದವರು ಈಗ ಸರ್ಕಾರದ ಪಟ್ಟಿಯಲ್ಲಿ ಹೆಸರು ಹುಡುಕುತ್ತಿದ್ದರು. ಊರಿನ ಮೇಲಿದ್ದ ಅವರ ಹಕ್ಕು ಹೋಗಿತ್ತು, ಅದರ ಜಾಗಕ್ಕೆ ಬೇರೆ ಹಕ್ಕು ಗಟ್ಟಿಯಾಗಿ ಬಂದಿರಲಿಲ್ಲ.

ಆ 5,000 ಯಾರಿಗೆ ಸಿಗಬಹುದಿತ್ತು ಎಂಬುದನ್ನು ತೀರ್ಮಾನಿಸಿದ್ದು ಮನೆಯಲ್ಲಿದ್ದ ಅಕ್ಕಿ ಮೂಟೆಯಲ್ಲ. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು, ಕಸುಬಿಗೆ ದಾಖಲೆ ಬೇಕು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಚಾಲಕನಾದರೆ ಲೈಸೆನ್ಸೂ ಬ್ಯಾಡ್ಜೂ ಸರಿಯಿರಬೇಕು. ಬಾಡಿಗೆ ಅಂಗಡಿಯಲ್ಲಿ ಕತ್ತರಿ ಹಿಡಿದ ಹುಡುಗನ ಹತ್ತಿರ ಇದ್ಯಾವುದೂ ಇರುತ್ತಿರಲಿಲ್ಲ. ಕೇಂದ್ರ ಸರ್ಕಾರ ತಿಂಗಳಿಗೆ ತಲಾ 5 ಕೆಜಿ ಧಾನ್ಯವನ್ನು ಹೆಚ್ಚುವರಿಯಾಗಿ ಪುಕ್ಕಟೆ ಕೊಟ್ಟಿತು, ಅದೂ ರೇಷನ್ ಕಾರ್ಡಿನಲ್ಲಿ ಹೆಸರಿದ್ದವರಿಗೆ. ಮದುವೆಯಾಗಿ ಬಂದ ಸೊಸೆಯ ಹೆಸರನ್ನು ಕಾರ್ಡಿಗೆ ಸೇರಿಸುವುದನ್ನು ವರ್ಷಗಟ್ಟಲೆ ಮುಂದೂಡಿದ ಮನೆಗಳು ಎಷ್ಟಿಲ್ಲ? ಆ ಮರೆವಿಗೆ ತಿಂಗಳಿಗೆ ಐದು ಕೆಜಿ ಬೆಲೆ. ಎರಡು ಮೂಟೆ ಹೆಚ್ಚು ಅಕ್ಕಿ ಕೊಂಡಿಡುವುದನ್ನು ಮುಂಜಾಗ್ರತೆ ಎನ್ನುವವರು ಕಾರ್ಡಿನ ತಿದ್ದುಪಡಿಗೆ ಸಾಲಿನಲ್ಲಿ ನಿಲ್ಲುವುದನ್ನು ಮಾತ್ರ ತಾಪತ್ರಯ ಎನ್ನುತ್ತಾರೆ.

ಊರಿಗೆ ಹೋದರೆ ಹೇಗೂ ಬದುಕಬಹುದು ಎಂಬ ಮಾತು ಆ ವರ್ಷ ಇನ್ನೊಂದು ರೀತಿಯಲ್ಲೂ ಬಯಲಾಯಿತು. ಮೇ ಮೊದಲ ವಾರದಲ್ಲಿ, ಕಟ್ಟಡ ನಿರ್ಮಾಣ ಉದ್ಯಮದವರೊಡನೆ ಸಭೆ ನಡೆದ ಬೆನ್ನಿಗೆ, ವಲಸೆ ಕಾರ್ಮಿಕರನ್ನು ಉತ್ತರಕ್ಕೆ ಒಯ್ಯಬೇಕಿದ್ದ ರೈಲುಗಳು ಬೇಡವೆಂದು ಕರ್ನಾಟಕ ಸರ್ಕಾರ ರೈಲ್ವೆಗೆ ಬರೆಯಿತು. ಟೀಕೆ ಜೋರಾದ ಮೇಲೆ ಆ ನಿರ್ಧಾರ ಹಿಂದಕ್ಕೆ ಹೋಯಿತು. ಬಿಹಾರದ ಹಳ್ಳಿಯಲ್ಲಿ ಆ ಕೂಲಿಯವನಿಗೆ ಹೊಲವಿತ್ತೋ ಇಲ್ಲವೋ, ಆ ಎರಡು ಮೂರು ದಿನ ಅದು ಇದ್ದೂ ಇಲ್ಲದ ಹಾಗೆ. ಹಿಂತಿರುಗಿ ಹೋಗುವುದಕ್ಕೂ ಇನ್ನೊಬ್ಬರು ಓಡಿಸುವ ರೈಲು ಬೇಕು.

ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರಿಗೆ ಇದು ಹೊಸದಲ್ಲ. ವರ್ಷಾವರ್ಷ ಗುಳೆ ಹೋಗುವ ಸಂಸಾರಗಳು ಒಂದೇ ಆಸರೆಯನ್ನು ನೆಚ್ಚಿ ಕೂರುವುದಿಲ್ಲ. ಮುದುಕರೂ ರೇಷನ್ ಕಾರ್ಡೂ ಊರಲ್ಲಿ, ಗಂಡ ಹೆಂಡತಿ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ, ಮಕ್ಕಳು ಹಾಸ್ಟೆಲಿನಲ್ಲಿ, ಮೇಸ್ತ್ರಿಯ ಹತ್ತಿರ ಒಂದಿಷ್ಟು ಮುಂಗಡ. 2020ರ ಬೇಸಿಗೆಯಲ್ಲಿ ಅವರು ಗಂಟುಮೂಟೆ ಹೊತ್ತು ವಾಪಸು ಬಂದಾಗ ಕೈಹಿಡಿದದ್ದು ಉದ್ಯೋಗ ಖಾತ್ರಿಯ ಕೆಲಸ. ಕೆರೆ ಹೂಳು, ಹೊಲದ ಬದು, ದಿನಕ್ಕೆ 275 ರೂಪಾಯಿ. ಜಾಬ್ ಕಾರ್ಡ್ ಇದ್ದವರು ಮರುವಾರವೇ ಗುದ್ದಲಿ ಹಿಡಿದರು, ಇಲ್ಲದವರು ಪಂಚಾಯಿತಿ ಕಟ್ಟೆಯ ಮೇಲೆ ಕೂತರು. ಪೇಟೆಯ ಹಣಕಾಸು ಸಲಹೆಗಾರರು ಅಪಾಯವನ್ನು ಹಂಚಿಕೊಳ್ಳುವುದೆಂದರೆ ಏನೆಂದು ವಿವರಿಸಲು ಪುಸ್ತಕಗಳನ್ನೇ ಬರೆಯುತ್ತಾರೆ. ಈ ಸಂಸಾರಗಳು ಅದನ್ನು ಯಾವ ಪುಸ್ತಕವೂ ಇಲ್ಲದೆ ಮಾಡುತ್ತವೆ. ಗುಳೆ ಒಳ್ಳೆಯದೆಂದು ನಾನು ಹೇಳುತ್ತಿಲ್ಲ, ಅದು ಸಂಕಟವೇ. ಆ ಸಂಕಟದೊಳಗಿನ ವಿವೇಕ ಮಾತ್ರ ನಮ್ಮ ಉಪದೇಶಗಳಲ್ಲಿ ಇರುವುದಕ್ಕಿಂತ ಹೆಚ್ಚಿನದು.

ಬಂಗಾರದ ಮಾತಿಗೆ ಬಂದರೆ, ದೀರ್ಘಕಾಲ ಇಟ್ಟುಕೊಂಡವರು ಗೆದ್ದಿದ್ದಾರೆ, ಅದನ್ನು ಅಲ್ಲಗಳೆಯುವುದು ಮೂರ್ಖತನ. ಕಷ್ಟದಲ್ಲಿರುವವರಿಗೆ ದೀರ್ಘಕಾಲವೆಂಬುದು ಇರುವುದಿಲ್ಲ ಎಂಬುದೇ ತೊಡಕು. 2020ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಚಿನ್ನದ ಬೆಲೆಯ ನೂರಕ್ಕೆ 75 ಪಾಲು ಇದ್ದ ಸಾಲದ ಮಿತಿಯನ್ನು ಬ್ಯಾಂಕುಗಳ ಮಟ್ಟಿಗೆ 90ಕ್ಕೆ ಏರಿಸಿತು. ಆಗ ಬೆಲೆಯೂ ಶಿಖರದಲ್ಲಿತ್ತು. ಮುಂದಿನ ವರ್ಷದ ಮಾರ್ಚ್ ಹೊತ್ತಿಗೆ ಬೆಲೆ ಇಳಿದಿತ್ತು, ಶಿಖರದಲ್ಲಿ ಅಡವಿಟ್ಟವರ ಒಡವೆ ಸಾಲಕ್ಕಿಂತ ಹಗುರವಾಯಿತು. ಪತ್ರಿಕೆಯ ಪುಟ ತುಂಬ ಬರುವ ಚಿನ್ನದ ಹರಾಜಿನ ಜಾಹೀರಾತುಗಳಲ್ಲಿ ಹೆಸರಿರುವುದಿಲ್ಲ, ಸಾಲದ ಸಂಖ್ಯೆಗಳಷ್ಟೆ ಇರುತ್ತವೆ. ಆ ಒಂದೊಂದು ಸಂಖ್ಯೆಯ ಹಿಂದೆಯೂ ಮುಂಜಾಗ್ರತೆ ಮಾಡಿದ್ದ ಒಂದು ಮನೆಯಿದೆ.

ಠೇವಣಿ ಇಟ್ಟ ಜಾಣರ ಪಾಡನ್ನೂ ಕೇಳಿ. 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಖಾತೆಯಲ್ಲಿ ಎಷ್ಟೇ ಇರಲಿ, ತೆಗೆಯಬಹುದಾದದ್ದು 35,000. ಸಾಲು ನಿಂತವರಲ್ಲಿ ಬಹುಪಾಲು ನಿವೃತ್ತರು. ಸಾಲ ಮಾಡದೆ, ದುಂದು ಮಾಡದೆ, ಪಿಂಚಣಿ ಹಣವನ್ನೂ ಗ್ರ್ಯಾಚುಟಿಯನ್ನೂ ಕೂಡಿಟ್ಟವರು. ಅವರಿಗೆ ಸ್ವಲ್ಪವಾದರೂ ಉಸಿರು ಬಂದದ್ದು ಎರಡು ಕಡೆಯಿಂದ. ಠೇವಣಿ ವಿಮೆಯ ಮಿತಿ ಅದೇ ಫೆಬ್ರುವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು, 2021ರ ತಿದ್ದುಪಡಿಯಿಂದ ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆಯ ಹಣ ಕೊಡಬೇಕೆಂದಾಯಿತು. ಇನ್ನೊಂದು, ಠೇವಣಿದಾರರು ಮನೆಯಲ್ಲಿ ಕೂತು ಕೊರಗದೆ ಒಟ್ಟಾಗಿ ಸಭೆ ಸೇರಿ ಗಲಾಟೆ ಎಬ್ಬಿಸಿದ್ದು. ಮಿತವ್ಯಯ ಅವರನ್ನು ಬ್ಯಾಂಕಿನ ಬಾಗಿಲಿಗೆ ತಂದು ನಿಲ್ಲಿಸಿತು, ಅಲ್ಲಿಂದಾಚೆಯ ದಾರಿ ಕಾನೂನಿನದೂ ಸಂಘಟನೆಯದೂ.

ಇಲ್ಲಿ ಒಬ್ಬರು ಎದ್ದು ಕೇಳಬಹುದು: 'ಸರ್ಕಾರವನ್ನೂ ಸಂಘವನ್ನೂ ನಂಬಿ ಕೂರಿ ಎನ್ನುತ್ತೀರಾ? ಆ ಬ್ಯಾಂಕೂ ಸಹಕಾರಿಯೇ ಆಗಿತ್ತಲ್ಲ?' ಸರಿಯಾದ ಪ್ರಶ್ನೆ. ಹೊಸ ಬಿಪಿಎಲ್ ಕಾರ್ಡಿನ ಅರ್ಜಿಗಳು ವರ್ಷಗಟ್ಟಲೆ ಕೊಳೆಯುವುದು ನನಗೂ ಗೊತ್ತು. ಗುಂಪು ಸಾಲದ ಹೆಸರಿನಲ್ಲಿ ಹೆಂಗಸರ ಮನೆ ಮುಂದೆ ವಸೂಲಿಗಾರರು ಕೂರುವುದು ಅತಿಯಾಗಿ, 2025ರ ಫೆಬ್ರುವರಿಯಲ್ಲಿ ಕಿರುಸಾಲದ ಕಿರುಕುಳದ ವಿರುದ್ಧ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹೊರಗಿನ ಆಸರೆ ಮುರಿಯುತ್ತದೆ. ಮುರಿದಾಗ ಮಾಡಬೇಕಾದದ್ದೇನು ಎಂಬಲ್ಲಿ ನಮಗೆ ಭಿನ್ನಾಭಿಪ್ರಾಯ. ಬಾಗಿಲು ಹಾಕಿಕೊಂಡು ಅಕ್ಕಿ ಎಣಿಸುವುದು ಒಂದು ದಾರಿ. ಅದು ಅಕ್ಕಿ ಇರುವವರಿಗೆ ಮಾತ್ರ ತೆರೆದಿರುವ ದಾರಿ, ಅವರಿಗೂ ಕೆಲವು ತಿಂಗಳ ಮಟ್ಟಿಗೆ.

ಇನ್ನೊಂದು ದಾರಿಯೂ ನಮ್ಮಲ್ಲೇ ಹುಟ್ಟಿದ್ದು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘವನ್ನು ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಗುರುತಿಸುತ್ತಾರೆ. ಬರಗಳನ್ನು ಕಂಡ ಸೀಮೆಯ ರೈತರು ಸಾಲವೇ ಬೇಡವೆಂದು ಶಪಥ ಮಾಡಲಿಲ್ಲ, ಸಾಲ ಕೊಡುವವರು ತಾವೇ ಆದರು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯ ಬುಡದಲ್ಲಿದ್ದದ್ದೂ ಇಂಥ ಸಂಘಗಳೇ. ಸಹಕಾರ ಸಂಘದ ಸದಸ್ಯನಾದ ರೈತ ಆಗ ಕಟ್ಟಿದ್ದು ತಲೆಗೆ ವರ್ಷಕ್ಕೆ 60 ರೂಪಾಯಿ. ಲಕ್ಷಾಂತರ ಜನ ಅಷ್ಟಷ್ಟೇ ಹಾಕಿದ್ದರಿಂದ ಒಬ್ಬನ ಹೃದಯದ ಶಸ್ತ್ರಚಿಕಿತ್ಸೆ ಸಾಧ್ಯವಾಗುತ್ತಿತ್ತು. ಅದೇ 60 ರೂಪಾಯಿಯನ್ನು ಒಬ್ಬೊಬ್ಬನೂ ತನ್ನ ಗಡಿಗೆಯಲ್ಲಿ ಕೂಡಿಟ್ಟಿದ್ದರೆ ಮೂವತ್ತು ವರ್ಷಕ್ಕೆ 1,800 ಆಗುತ್ತಿತ್ತು. 2018ರಲ್ಲಿ ಯಶಸ್ವಿನಿಯನ್ನು ಬೇರೆ ಯೋಜನೆಯೊಳಗೆ ಕರಗಿಸಿದಾಗ ರೈತರು ಸುಮ್ಮನಿರಲಿಲ್ಲ, ಅದನ್ನು ಮತ್ತೆ ಪ್ರತ್ಯೇಕವಾಗಿ 2022–23ರಲ್ಲಿ ತರಲೇಬೇಕಾಯಿತು.

ಆರು ತಿಂಗಳ ಖರ್ಚಿನ ಹಣ ಕೈಯಲ್ಲಿರಲಿ ಎಂಬ ಸಲಹೆ ಸಂಬಳದವರಿಗೆ ಒಳ್ಳೆಯದೇ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಯ ಹೆಣ್ಣುಮಗಳಿಗೆ ಅದನ್ನು ಹೇಳಿ ನೋಡಿ. ಬಾಡಿಗೆ, ಮಕ್ಕಳ ಫೀಜು, ಊರಿಗೆ ಕಳಿಸುವುದು ಕಳೆದರೆ ಅವಳ ಸಂಬಳದಲ್ಲಿ ಆರು ದಿನದ್ದೂ ಉಳಿಯುವುದಿಲ್ಲ. ಅವಳಿಗಿರುವ ಒಂದೇ ಇಡುಗಂಟು ಪಿಎಫ್. ಕೆಲಸ ಬಿಟ್ಟಾಗ ಅದನ್ನು ತೆಗೆದು ಮಗಳ ಮದುವೆಯನ್ನೋ ಮನೆ ಸಾಲವನ್ನೋ ತೀರಿಸುವುದು ವಾಡಿಕೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ. ಹಣ ಮುದಿತನಕ್ಕೆ ಉಳಿಯಲಿ, ಜನ ಶಿಸ್ತು ಕಲಿಯಲಿ ಎಂಬುದು ಅದರ ಹಿಂದಿನ ಎಣಿಕೆ. ಸ್ವಾವಲಂಬನೆಯ ಪಾಠದ ಪ್ರಕಾರ ಅದು ತಪ್ಪಿಲ್ಲದ ಎಣಿಕೆ.

ಅದೇ ವರ್ಷದ ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಸಿದ್ಧ ಉಡುಪಿನ ಹೆಂಗಸರು ಕಾರ್ಖಾನೆ ಬಿಟ್ಟು ಬೀದಿಗಿಳಿದರು. ಮರುದಿನ ತುಮಕೂರು ರಸ್ತೆಯೂ ನಿಂತಿತು. ದೊಡ್ಡ ಕಾರ್ಮಿಕ ಸಂಘಗಳ ಕರೆಯಿಲ್ಲದೆ, ಹೆಸರಿರುವ ನಾಯಕರಿಲ್ಲದೆ ಹೆಂಗಸರು ಸಾವಿರಗಟ್ಟಲೆ ಬಂದರು. ಕಲ್ಲು ತೂರಾಟ ನಡೆಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರ ಲಾಠಿಯೂ ಬೀಸಿತು. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ನಗರ ಅವರನ್ನು ಶಪಿಸಿತು. 19ರಂದೇ ಕೇಂದ್ರ ಆ ನಿಯಮವನ್ನು ವಾಪಸು ಪಡೆಯಿತು. ಲಾಭ ಆ ಹೆಂಗಸರಿಗಷ್ಟೇ ಅಲ್ಲ, ದೇಶದ ಎಲ್ಲ ಪಿಎಫ್ ಸದಸ್ಯರಿಗೂ, ಅಂದು ಕಾರಿನೊಳಗೆ ಕೂತು ಬೈದವರಿಗೂ ದಕ್ಕಿತು. ನಾಲ್ಕು ವರ್ಷದ ನಂತರ ಕಾರ್ಖಾನೆಗಳು ಮುಚ್ಚಿದಾಗ ಸರ್ಕಾರವೇ ಪಿಎಫ್ ಬಾಗಿಲು ಇನ್ನಷ್ಟು ತೆರೆಯಿತು. ಮೂರು ತಿಂಗಳ ಸಂಬಳ ಅಥವಾ ಖಾತೆಯಲ್ಲಿರುವುದರ ನೂರಕ್ಕೆ 75 ಪಾಲು, ಯಾವುದು ಕಡಿಮೆಯೋ ಅದನ್ನು ತೆಗೆದುಕೊಳ್ಳಬಹುದು ಎಂದಿತು. ಪೀಣ್ಯದ ಸೈಬರ್ ಅಂಗಡಿಗಳಲ್ಲಿ ಆ ಅರ್ಜಿ ತುಂಬಿಸಿಕೊಡಲು ಐವತ್ತು, ನೂರು ರೂಪಾಯಿ ತೆಗೆದುಕೊಳ್ಳುತ್ತಿದ್ದರು.